ಛತ್ರಿ ಗುರುತಿನ ಚಿಗವ್ವ

ಹೋದ ತಿಂಗಳು ಜಮಖಂಡಿಯ ನಮ್ಮ ಮನೆ ಮುಂದೆ ಗುಜರಿಯವನ ತಳ್ಳುಗಾಡಿ ನಿಂತಿತ್ತು. ಹಳೆಯ ಪೇಪರಿನ ಕಟ್ಟು ಹಾಕಲು ಹೊರಗೆ ಹೋದೆ. ಮುರಿದ ಸೈಕಲ್ ಚಕ್ರ, ಸೀಮೆಎಣ್ಣೆ ಸ್ಟೋವು, ತಳ ಹೋದ ಕೊಡಗಳ ನಡುವೆ ಒಂದು ಭೋಂಗಾ ಮಗ್ಗಲಾಗಿ ಬಿದ್ದಿತ್ತು. ಹಿಂದೆ ಮದುವೆಗೆ, ನಾಟಕಕ್ಕೆ, ಇಲೆಕ್ಷನ್ನಿಗೆ ಮಾಳಿಗೆ ಮೇಲೋ ಟಾಂಗಾದ ಮೇಲೋ ಕಟ್ಟುತ್ತಿದ್ದರಲ್ಲ, ಅಗಲ ಬಾಯಿಯ ಲೌಡ್‌ಸ್ಪೀಕರು, ಅದು. ಬಣ್ಣ ಸುಲಿದು ಹೋಗಿತ್ತು. ಅಂಚು ಒಂದು ಕಡೆ ನೆಗ್ಗಿತ್ತು. ಮುಟ್ಟಿದರೆ ಬಿಸಿಲಿಗೆ ಕಾದು ಸುಡುತ್ತಿತ್ತು.

"ಬೇಕೇನ್ರಿ ಅಮ್ಮಾರ?" ಅಂತ ಗಾಡಿಯವನು ಕೇಳಿದ. ಬೇಡವೆಂದು ಒಳಗೆ ಬಂದೆ. ಬಂದವಳು ಒಲೆಯ ಮೇಲೆ ಹಾಲು ಉಕ್ಕುತ್ತಿದ್ದುದನ್ನೂ ಗಮನಿಸದೆ ನಿಂತುಬಿಟ್ಟೆ. ಬನಹಟ್ಟಿಯ ಓಣಿ, ಅಲ್ಲಿನ ಮಗ್ಗಗಳ ಸದ್ದು, ಆ ಸದ್ದನ್ನೂ ಹಾಯ್ದು ಬರುತ್ತಿದ್ದ ಒಂದು ದನಿ... ಚಿಗವ್ವನ ದನಿ.

ನನ್ನ ತವರು ರನ್ನ ಬೆಳಗಲಿ. ಹೊಲಗಳ ನಡುವೆ ಬೆಳೆದವಳು. ಮದುವೆಯಾಗಿ ಬನಹಟ್ಟಿಗೆ ಬಂದ ಹೊಸದರಲ್ಲಿ ಮಗ್ಗದ ಖಟಖಟ ಕೇಳಿ ಕೇಳಿ ತಲೆ ತಿರುಗುತ್ತಿತ್ತು. ಮನೆಮನೆಯಲ್ಲೂ ಕೈಮಗ್ಗ, ಇಲ್ಲವೆ ಪಾವರ್‌ಲೂಮು. ಯಾರಾದರೂ ಏನಾದರೂ ಹೇಳಬೇಕೆಂದರೆ ಕಿವಿಯ ಹತ್ತಿರ ಬಂದು ಕೂಗಬೇಕು. ಕೂಗದೆಯೇ ಕೇಳಿಸುತ್ತಿದ್ದವಳು ಇಡೀ ಓಣಿಯಲ್ಲಿ ಒಬ್ಬಳೇ, ಪಕ್ಕದ ಮನೆಯವಳು. ನನ್ನ ಗಂಡ ಅವಳನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಸೊಸೆಯಾದ ನಾನು ಅತ್ತಿ ಎನ್ನಬೇಕಿತ್ತು. ಮೊದಲ ದಿನವೇ ಅವಳು ತಡೆದಳು. "ಮನ್ಯಾಗ ಒಬ್ಬಾಕಿ ಅತ್ತಿ ಅದಾಳಲ್ಲ, ಸಾಲದೇನು? ನನ್ನ ಚಿಗವ್ವ ಅನ್ನು," ಅಂದಳು. ಅಂದಿನಿಂದ ನನಗೂ ಚಿಗವ್ವನೇ.

ಅವಳ ಗಂಡ, ಕಾಕಾ, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮೆತ್ತಗಿನ ಮನುಷ್ಯ. ಭೋಂಗಾ ಕಟ್ಟಿ, ವೈರು ಜೋಡಿಸಿ, ಮೈಕಿನ ಮೇಲೆ ಬೆರಳಿಂದ ಟಕ್ ಟಕ್ ಬಡಿದು ಪಕ್ಕಕ್ಕೆ ಸರಿಯುವವರು. "ಮಾತಾಡೂ ಮಷಿನ್ ನಂದು, ಮಾತು ಆಕೀದು," ಅಂತ ಹೆಂಡತಿಯನ್ನು ತೋರಿಸಿ ನಗುತ್ತಿದ್ದರು. ಚಿಗವ್ವ ಇಡೀ ದಿನ ಕಟ್ಟೆಯ ಮೇಲೆ ಕೂತು ರಾಟಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈ ಸುತ್ತಿದಷ್ಟು ಹೊತ್ತೂ ಬಾಯಿ ನಡೆದಿರುತ್ತಿತ್ತು. ಯಾರ ಮನೆಯಲ್ಲಿ ಜ್ವರ, ಯಾರ ಹುಡುಗಿಗೆ ವರ ಬಂದದ್ದು, ಯಾರ ಮಗ್ಗದ ಸೀರೆಯ ಸೆರಗು ಕೆಟ್ಟದ್ದು, ಎಲ್ಲವೂ ಅವಳ ಕಟ್ಟೆಯಿಂದ ಹೊರಟು ಓಣಿ ಸುತ್ತಿ ಬರುತ್ತಿತ್ತು. ಇದೇ ಬಾಯಿಯ ದೆಸೆಯಿಂದ ನಮ್ಮ ಅತ್ತೆಗೂ ಅವಳಿಗೂ ಮಾತು ಬಿಟ್ಟುಹೋಗಿತ್ತು. ಬಚ್ಚಲ ನೀರು ಹರಿಯುವ ವಿಷಯಕ್ಕೆ ಶುರುವಾದ ಜಗಳ, ಚಿಗವ್ವ ಆಡಿದ ಒಂದು ಮಾತಿಗೆ ಕುದಿಗೆ ಬಂದಿತ್ತು. ನಾನು ಅತ್ತೆಯ ಕಣ್ಣು ತಪ್ಪಿಸಿಯೇ ಪಕ್ಕದ ಮನೆಗೆ ಹೋಗಿ ಬರುತ್ತಿದ್ದೆ.

ಅವಳು ಇಲೆಕ್ಷನ್ನಿಗೆ ನಿಂತದ್ದು ನೀರಿನ ಸಲುವಾಗಿ. ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು... ಮುನಸಿಪಾಲ್ಟಿಯ ನಳದ ಪೈಪು ನಮ್ಮ ವಾರ್ಡಿನ ನೂಲಿನ ಸಾಹುಕಾರರ ಗೋದಾಮಿನ ತನಕ ಬಂದು ಅಲ್ಲಿಗೇ ನಿಂತಿತ್ತು. ವಾರ್ಡಿನ ಮೆಂಬರು ಕೂಡ ಅದೇ ಸಾಹುಕಾರರು. ನಮ್ಮ ಓಣಿಯ ಹೆಂಗಸರು ಬೇರೆ ಓಣಿಯ ನಳಕ್ಕೆ ಹೋಗಿ, ಅಲ್ಲಿಯವರ ಬೈಗುಳ ತಿಂದು, ಅವರ ಕೊಡಗಳೆಲ್ಲ ತುಂಬಿದ ಮೇಲೆ ಉಳಿದ ನೀರು ತರಬೇಕಿತ್ತು. ಒಂದು ದಿನ ಚಿಗವ್ವ ನಮ್ಮನ್ನೆಲ್ಲ ಕರೆದುಕೊಂಡು ಸಾಹುಕಾರರ ಅಂಗಡಿಗೆ ಹೋದಳು. ಅವರು ಗಾದಿಯ ಮೇಲಿಂದ ಏಳಲಿಲ್ಲ.

"ನಳದ ಮಾತು ಮುನಸಿಪಾಲ್ಟ್ಯಾಗ ಆಡೂದು," ಅಂದರು. "ನೀವು ನಿಮ್ಮ ಮಾತು ಮನ್ಯಾಗ ಆಡ್ರಿ."

ಬರುವಾಗ ದಾರಿಯುದ್ದಕ್ಕೂ ಚಿಗವ್ವ ನಮಗಿಂತ ಮುಂದೆ ಬಿರುಸಾಗಿ ನಡೆದಳು. ಮನೆ ಬಾಗಿಲಿಗೆ ಬಂದು ಕಾಕಾನ ಮುಂದೆ ನಿಂತು ಹೇಳಿದಳು: "ಹಂಗಾದರ ನಾನೂ ಮುನಸಿಪಾಲ್ಟಿಗೆ ಹೋಗಿ ಅಲ್ಲೇ ಆಡತೇನಿ."

ಎಲ್ಲರೂ ನಕ್ಕರು. ಹೆಂಗಸರಿಗೆಂದು ಬಿಟ್ಟ ವಾರ್ಡಲ್ಲ ಅದು. ಎದುರಿಗೆ ಊರಿಗೆಲ್ಲ ನೂಲು ಕೊಡುವ ಸಾಹುಕಾರ. ಅವರ ನೂಲು ಬಾರದಿದ್ದರೆ ಎಷ್ಟೋ ಮಗ್ಗ ನಿಲ್ಲುತ್ತಿದ್ದವು. ಕಾಕಾ ಮಾತ್ರ ನಗಲಿಲ್ಲ. ಮರುದಿನವೇ ಅವಳನ್ನು ಜಮಖಂಡಿಗೆ ಕರೆದೊಯ್ದು ಅರ್ಜಿ ಹಾಕಿಸಿ ಬಂದರು. ಗುರುತಿಗೆ ಅವಳಿಗೆ ನೀರಿನ ಕೊಡದ ಚಿತ್ರ ಬೇಕಿತ್ತು. ಅದು ಅಧಿಕಾರಿಗಳ ಪಟ್ಟಿಯಲ್ಲಿರಲಿಲ್ಲವಂತೆ. ಛತ್ರಿ ಸಿಕ್ಕಿತು. ಸಾಹುಕಾರರಿಗೆ ತಕ್ಕಡಿ. "ಮಳಿ ಇಲ್ಲದ ಊರಾಗ ನನಗ ಛತ್ರಿ ಕೊಟ್ಟಾರ ನೋಡವ್ವಾ," ಅಂತ ಬಂದವಳೇ ನನ್ನ ಮುಂದೆ ಹೇಳಿ ನಕ್ಕಳು.

ನಾನು ಮ್ಯಾಟ್ರಿಕ್ ಓದಿದ್ದೆ. ಚಿಗವ್ವನಿಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಿಂತವರಿಗೆಲ್ಲ ಇಲೆಕ್ಷನ್ನಿನ ನಿಯಮ ಅಚ್ಚು ಹಾಕಿಸಿ ಕೊಟ್ಟಿದ್ದರು. ಅದನ್ನು ನನ್ನಿಂದ ಓದಿಸಿದಳು. ಓಟಿನ ಹಿಂದಿನ ಎರಡು ದಿನದಿಂದ ಓಟು ಮುಗಿಯುವ ತನಕ ಸಭೆ, ಮೆರವಣಿಗೆ, ಮೈಕು, ಬಹಿರಂಗ ಪ್ರಚಾರ ಎಲ್ಲ ಬಂದ್. ಓಟಿನ ದಿನ ಮತಗಟ್ಟೆಯಿಂದ ನೂರು ಮೀಟರಿನ ಒಳಗೆ ಯಾರಿಗೂ ಓಟು ಕೇಳುವ ಹಾಗಿಲ್ಲ, ಕೈ ಮುಗಿಯುವ ಹಾಗಿಲ್ಲ, ಗುರುತು ತೋರಿಸುವ ಹಾಗಿಲ್ಲ. ಅವಳು ರಾಟಿ ನಿಲ್ಲಿಸಿ ಕೇಳುತ್ತಿದ್ದಳು.

"ಹಂಗಾದರ ಓಟಿನ ದಿನ ನಾ ಏನು ಮಾಡಬೇಕು?"

"ಸುಮ್ಮನಿರಬೇಕು ಚಿಗವ್ವ."

"ಅದೊಂದು ಬಿಟ್ಟು ಬ್ಯಾರೆ ಏನರ ಬರದಾರೇನು, ಇನ್ನೊಮ್ಮೆ ನೋಡು," ಅಂದಳು.

ಪ್ರಚಾರಕ್ಕೆ ಕಾಕಾ ಟಾಂಗಾದ ಮೇಲೆ ಭೋಂಗಾ ಕಟ್ಟಿದರು. ಹೆಂಗಸೊಬ್ಬಳು ಮೈಕ್ ಹಿಡಿದು ಮಾತಾಡುವುದನ್ನು ನೋಡಲೆಂದೇ ಮೊದಲ ದಿನ ಜನ ಸೇರಿದರು. ಎರಡನೆಯ ದಿನದಿಂದ ಕೇಳಲು ಸೇರಿದರು. ಭಾಷಣ ಅಂತ ಅವಳಿಗೆ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಆಡುತ್ತಿದ್ದ ಹಾಗೆಯೇ ಆಡಿದಳು. "ಅಣ್ಣಾಗೋಳಿರಾ, ನೀವು ಮಗ್ಗಕ್ಕ ಕೂತಾಗ ಬಾಯಾರಿದರ ನೀರು ಅಂತೀರಿ. ಆ ತಂಬಿಗಿ ನೀರು ಯಾವ ಓಣಿಯಿಂದ, ಎಷ್ಟು ಬೈಸಿಕೊಂಡು ಬಂತು ಅಂತ ನಿಮ್ಮ ಮನಿಯಾಕಿನ್ನ ಒಮ್ಮೆ ಕೇಳ್ರಿ. ಕೇಳಿ ಆಮ್ಯಾಲ ಓಟು ಹಾಕ್ರಿ." ಇಷ್ಟೇ. ಮಗ್ಗ ನಿಲ್ಲಿಸಿ ಗಂಡಸರು ಬಾಗಿಲಿಗೆ ಬರುತ್ತಿದ್ದರು. ಮನೆಯೊಳಗೆ ಕೂತು ಕೇಳುತ್ತಿದ್ದ ನಮ್ಮ ಅತ್ತೆ ಕೂಡ ಒಂದು ಸಲ, "ಖರೇನ ಹೇಳತಾಳ," ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಕೇಳಿಸದವಳಂತೆ ಇದ್ದೆ.

ಪ್ರಚಾರ ಮುಗಿಯುವ ಸಂಜೆ ಅವಳು ಮಾತಿನ ನಡುವೆ ಇದ್ದಾಗಲೇ ಕಾಕಾ ವೈರು ಕಿತ್ತರು. ಹೊತ್ತಾಗಿತ್ತು. ಅವಳು ಸಿಟ್ಟಿನಿಂದ ತಿರುಗಿ ನೋಡಿದಳು. ಕಾಕಾ ಆಕಾಶದ ಕಡೆ ನೋಡುತ್ತ ವೈರು ಸುತ್ತುತ್ತಿದ್ದರು. ಆಮೇಲೆ ಅವಳಿಗೇ ನಗು ಬಂತು.

ಓಟಿನ ದಿನ ಬೆಳಿಗ್ಗೆ ನಾನು ನೀರಿಗೆ ಹೋದೆ. ನಳದ ಹತ್ತಿರ ಹೆಂಗಸರು ಏನೋ ಗುಸುಗುಸು ಮಾತಾಡುತ್ತಿದ್ದರು. ನನ್ನನ್ನು ನೋಡಿ ಒಬ್ಬಳು ಕೇಳಿದಳು, "ನಿಮ್ಮ ಬಾಜೂಮನಿಯಾಕಿ ಕುಂತಾಳಂತಲ್ಲ?"

ನಮ್ಮ ಕಡೆ ಇಲೆಕ್ಷನ್ನಿಗೆ ಹೆಸರು ಹಾಕಿದವರು ನಿಂತರು, ಎದುರಿನವರ ಜೊತೆ ರಾಜಿಯಾಗಿ ಹಿಂದೆ ಸರಿದವರು ಕುಂತರು. ಸುದ್ದಿ ಏನೆಂದರೆ, ಹಿಂದಿನ ದಿನ ಸಾಹುಕಾರರು ನಳ ಹಾಕಿಸುತ್ತೇನೆಂದು ಮಾತು ಕೊಟ್ಟರಂತೆ, ಚಿಗವ್ವ ಕುಂತಳಂತೆ, ಇನ್ನು ಇರುವವರು ಅವರೊಬ್ಬರೇ, ಓಟು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನೇಕಾರರಿಗೆ ಮಗ್ಗ ಬಿಟ್ಟು ಏಳುವುದೆಂದರೆ ಆ ಹೊತ್ತಿನ ಕೂಲಿ ಬಿಟ್ಟಂತೆ. ಸುಮ್ಮನೆ ಯಾರು ಏಳುತ್ತಾರೆ? ನಾನು ಕೊಡ ಅಲ್ಲೇ ಬಿಟ್ಟು ಕನ್ನಡ ಸಾಲೆಯ ಕಡೆ ಓಡಿದೆ. ಅಲ್ಲೇ ನಮ್ಮ ಮತಗಟ್ಟೆ. ಅಲ್ಲಿ ಓಟಿನ ಸಾಲೇ ಇರಲಿಲ್ಲ. ಒಬ್ಬ ಮುದುಕ, ಸಾಹುಕಾರರ ಕಡೆಯ ಕೆಲವರು, ಗೇಟಿನಲ್ಲಿ ಪೊಲೀಸಪ್ಪ. ಊರು ತನ್ನ ಪಾಡಿಗೆ ಖಟಖಟ ಅನ್ನುತ್ತಿತ್ತು.

ಚಿಗವ್ವನ ಮನೆಗೆ ಬರುವಷ್ಟರಲ್ಲಿ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಓಣಿಯ ಹುಡುಗರು ಕಾಕಾನ ಸುತ್ತ ನಿಂತಿದ್ದರು. "ಕಾಕಾ, ಭೋಂಗಾ ಹಚ್ಚ್ರಿ. ಒಂದ ಮಾತು. ಚಿಗವ್ವ ಕುಂತಿಲ್ಲ ಅಂತ ಅಷ್ಟ."

ಕಾಕಾ ಹೆಂಡತಿಯ ಮುಖ ನೋಡಿದರು. ಆ ಮೆತ್ತಗಿನ ಮನುಷ್ಯ ವೈರಿನ ಸುರುಳಿ ಕೈಗೆ ತೆಗೆದುಕೊಂಡರು. "ನೀ ಹೂಂ ಅನ್ನು, ಹಚ್ಚತೇನಿ," ಅಂದರು. "ಹಿಡಕೊಂಡು ಒಯ್ದರ ಒಯ್ಲಿ."

ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಅಷ್ಟು ಹೊತ್ತು ಅವಳು ಮಾತಾಡದೆ ಇದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೂಲೆಯಲ್ಲಿ ಭೋಂಗಾ ಗೋಣಿತಟ್ಟು ಹೊದ್ದು ಕೂತಿತ್ತು. ಅವಳು ಅದರ ಕಡೆ ನೋಡಿದಳು, ಮತ್ತೆ ನೋಡಿದಳು. ಹಚ್ಚೇಬಿಡುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಹಚ್ಚುತ್ತಿದ್ದೆ.

"ಬ್ಯಾಡ," ಅಂದಳು ಕೊನೆಗೆ. "ನಾ ಒಂದು ಭೋಂಗಾ ಹಚ್ಚಿದರ ಅವರು ನಾಕು ಹಚ್ಚತಾರ. ಇವತ್ತ ಎಲ್ಲಾರೂ ಸುಮ್ಮನಿರಬೇಕು ಅಂತ ಕಾಯ್ದೆ ಐತಿ ಅಂತ ಅವರೂ ಸುಮ್ಮನದಾರ. ಆ ಕಾಯ್ದೆ ನಾನ ಮುರದರ ಅವರ ದನಿ ಮುಂದ ನನ್ನ ದನಿ ಯಾರಿಗೆ ಕೇಳತೈತಿ?"

"ಅವರು ಸುಳ್ಳ ಹಬ್ಬಿಸ್ಯಾರಲ್ಲ ಚಿಗವ್ವ," ಅಂತ ಒಬ್ಬ ಹುಡುಗ ಅಳುವ ದನಿಯಲ್ಲಿ ಅಂದ.

"ಹಬ್ಬಿಸ್ಯಾರ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ತಂಗಿ, ನೀ ಓದಿದ್ಯಲ್ಲ. ಮಾತಾಡಬಾರದು ಅಂತ ಐತಿ. ನಿಂದರಬಾರದು ಅಂತ ಐತೇನು?"

ನಾನು ನೆನಪು ಮಾಡಿಕೊಂಡೆ. "ಇಲ್ಲ ಚಿಗವ್ವ. ನೂರು ಮೀಟರಿನ ಆಚಿ ಇದ್ದರ ನಿಂದರಬಾರದು ಅಂತ ಎಲ್ಲೂ ಇಲ್ಲ."

ಅವಳು ಎದ್ದಳು. ಮುಖಕ್ಕೆ ನೀರು ಹಾಕಿಕೊಂಡು, ಕುಂಕುಮ ಹಚ್ಚಿಕೊಂಡು, ಚಪ್ಪಲಿ ಮೆಟ್ಟಿದಳು. ಹೊರಡುವ ಮುಂಚೆ ನಮಗೆಲ್ಲ ಒಂದು ಮಾತು ಹೇಳಿದಳು. "ಓಟು ನಡದೈತಿ, ಬರ್ರಿ ಅಂತ ಅಷ್ಟ ಹೇಳ್ರಿ. ನನ್ನ ಹೆಸರು ತಗೀಬ್ಯಾಡ್ರಿ. ಛತ್ರಿ ಅನಬ್ಯಾಡ್ರಿ. ಯಾರರ ಅಂದೀರಿ ಅಂದರ ನನ್ನ ಮಾನ ಕಳದಂಗ."

ಸಾಲೆಯ ಮುಂದೆ ಒಂದು ದೊಡ್ಡ ಬೇವಿನ ಮರ. ನೂರು ಮೀಟರಿನ ಸುಣ್ಣದ ಗೆರೆ ಆ ಮರವನ್ನು ದಾಟಿ ಬಿದ್ದಿತ್ತು. ಅಂದರೆ ನೆರಳೆಲ್ಲ ಗೆರೆಯ ಒಳಗೆ. ಗೆರೆಯ ಆಚೆ, ಮೂರು ಓಣಿ ಕೂಡುವ ಜಾಗದಲ್ಲಿ, ಬರೀ ಬಿಸಿಲು. ಗೆರೆಯಿಂದ ಇನ್ನೂ ಸಾಕಷ್ಟು ಹಿಂದೆ ಸರಿದು ಚಿಗವ್ವ ಅಲ್ಲಿ ಹೋಗಿ ನಿಂತಳು. ತಲೆಯ ಮೇಲೆ ಸೆರಗು ಹೊದ್ದು, ಕೈಯೆರಡೂ ಸೆರಗಿನೊಳಗೆ ಕಟ್ಟಿಕೊಂಡಳು. ಕೈ ಹೊರಗಿದ್ದರೆ ಪರಿಚಯದವರನ್ನು ಕಂಡು ತಾನೇ ಮುಗಿದುಬಿಡುತ್ತವೆ, ಅದಕ್ಕೇ ಕಟ್ಟಿಹಾಕಿದೆ ಅಂತ ಆಮೇಲೆ ಹೇಳಿದಳು.

ನಾವು ಮನೆಮನೆಗೆ ಹೊರಟೆವು. ನನಗೆ ಆಶ್ಚರ್ಯವಾದದ್ದು ನಮ್ಮ ಅತ್ತೆಯನ್ನು ನೋಡಿ. ಚಿಗವ್ವನ ಹೆಸರು ಹೇಳಿದರೆ ಮುಖ ತಿರುಗಿಸುತ್ತಿದ್ದವಳು ಚಪ್ಪಲಿ ಹುಡುಕುತ್ತಿದ್ದಳು. "ನಾ ಆಕಿ ಕೂಡ ಮಾತಾಡೂದಿಲ್ಲ," ಅಂದಳು ನನ್ನ ಮುಖ ನೋಡಿ. "ಆದರ ಆಕಿ ಕುಂತಾಳ ಅಂದರ ನಾ ನಂಬಾಕಿ ಅಲ್ಲ. ಆಕಿ ಕುಂಡ್ರೂ ಪೈಕಿ ಅಲ್ಲ." ಅತ್ತೆ ಒಂದು ಓಣಿ ಹಿಡಿದಳು, ನಾನೊಂದು ಓಣಿ. ಮಗ್ಗದ ಸದ್ದಿನಲ್ಲಿ ಬಾಗಿಲಲ್ಲಿ ನಿಂತು ಕೂಗಬೇಕು. "ಓಟು ನಡದೈತ್ರಿ, ಬರ್ರಿ." "ಆಕಿ ಕುಂತಾಳಂತಲ್ಲವಾ?" ಅಂತ ಕೇಳುತ್ತಿದ್ದರು. ನಿಂತಾಳ ಅನ್ನಲು ನಾಲಿಗೆ ತುದಿಯ ತನಕ ಬರುತ್ತಿತ್ತು. "ಸಾಲಿ ಕಡೆ ಹೋಗ್ರಿ," ಅಂದಷ್ಟೇ ಅಂದು ಮುಂದಿನ ಮನೆಗೆ ಹೋಗುತ್ತಿದ್ದೆ. ಆ ಒಂದು ಮಾತನ್ನು ನುಂಗುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಅಲ್ಲಿ ಬಿಸಿಲಲ್ಲಿ ನಿಂತವಳು ಇಡೀ ದಿನದ ಮಾತನ್ನೇ ನುಂಗುತ್ತಿದ್ದಳು.

ಮೊದಲು ಬಂದವರು ನೋಡಲು ಬಂದರು. ಒಬ್ಬ ನೇಕಾರ ಅವಳ ಎದುರಿಗೇ ಬಂದು ನಿಂತು, "ಏನಬೇ ಯಕ್ಕಾ, ಕುಂತಿ ಅಂದರು?" ಅಂತ ಕೇಳಿದ. ಚಿಗವ್ವ ಉತ್ತರ ಕೊಡಲಿಲ್ಲ. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಅವನು ಅವಳನ್ನು ಕಾಲಿನಿಂದ ತಲೆಯ ತನಕ ನೋಡಿದ. ತಿರುಗಿ ಹೋದ. ಹೋಗಿ ತನ್ನ ಕಾರಖಾನೆಯಲ್ಲಿ ಏನು ಹೇಳಿದನೋ, ಸ್ವಲ್ಪ ಹೊತ್ತಿಗೆ ಮತ್ತೆ ಕೆಲವರು ಬಂದರು.

ಬಿಸಿಲು ಏರಿತು. ಅವಳ ಮುಖ ಕೆಂಪಾಯಿತು. ಒಬ್ಬಳು ಮನೆಗೆ ಓಡಿ ಛತ್ರಿ ತಂದು ಬಿಚ್ಚಿ ಅವಳ ತಲೆಯ ಮೇಲೆ ಹಿಡಿಯಲು ಹೋದಳು. ಚಿಗವ್ವ ಹಾವು ಕಂಡವಳ ಹಾಗೆ ಹಿಂದೆ ಜಿಗಿದಳು. ತಂದವಳಿಗೆ ಅರ್ಥವಾಗಲಿಲ್ಲ. ನಾನು ಹೋಗಿ ಛತ್ರಿ ಮಡಚಿಸಿ, ಮನೆಗೆ ಕಳಿಸಿದೆ. ಆಗ ಛತ್ರಿ ತಂದವಳಿಗೂ ಹೊಳೆದು, "ಅಯ್ಯ ನನ್ನ ಬುದ್ಧಿಗಿಷ್ಟು," ಅಂತ ಹಣೆ ಬಡಿದುಕೊಂಡಳು.

ಸಾಲು ಬೆಳೆಯುವುದನ್ನು ಕಂಡು ಸಾಹುಕಾರರ ಕಡೆಯವರಿಗೆ ಇರುಸುಮುರುಸಾಯಿತು. ಮತಗಟ್ಟೆಯ ಮುಂದೆ ಅವಳು ಪ್ರಚಾರ ಮಾಡುತ್ತಿದ್ದಾಳೆಂದು ದೂರು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು. ಇಳಿದವರು ಇಲೆಕ್ಷನ್ನಿನ ಸಾಹೇಬರು, ಎಲ್ಲ ಮತಗಟ್ಟೆ ನೋಡುತ್ತ ಸುತ್ತುತ್ತಿದ್ದವರು. ದಣಿದಿದ್ದರು. ದೂರು ಕೊಟ್ಟವರೂ ಹಿಂದೆಯೇ ಬಂದರು. ಅವಳನ್ನು ಜೀಪಿನಲ್ಲಿ ಕೂರಿಸಿ ಒಯ್ದರೆ, ಕುಂತಳೆಂಬ ಸುಳ್ಳು ಅಲ್ಲಿಗೇ ಖರೆಯಾಗುತ್ತಿತ್ತು.

"ಇಲ್ಲಿ ಏನು ಮಾಡಾಕತ್ತೀರಿ?" ಸಾಹೇಬರು ಕೇಳಿದರು.

ಚಿಗವ್ವ ಬಾಯಿಂದ ಸೆರಗು ತೆಗೆದಳು. "ನಿಂತೇನ್ರಿ ಸಾಹೇಬ್ರ."

"ಯಾಕ?"

"ನಾ ಕುಂತೇನಿ ಅಂತ ಸುದ್ದಿ ಹಬ್ಬಿಸ್ಯಾರ್ರಿ. ಇಲ್ಲ ಅಂತ ಮೈಕಿನ್ಯಾಗ ಹೇಳಬೇಕಂದ್ರ ಕಾಯ್ದೆ ಇಲ್ರಿ. ಅದಕ್ಕ ನಿಂತೇನಿ."

"ಯಾರ ಕೂಡರ ಮಾತಾಡೀರೇನು?"

"ಇಲ್ರಿ. ಇಲ್ಲಿ ಬಂದು ನಿಂತಾಗಿಂದ ಈಗ ನಿಮ್ಮ ಕೂಡ ಆಡಿದ್ದ ಮೊದಲ ಮಾತು."

ಸಾಹೇಬರು ಗೇಟಿನ ಪೊಲೀಸಪ್ಪನನ್ನು ಕರೆದು ಕೇಳಿದರು. ಅವನು, "ಹೌದ್ರಿ, ಬಾಯಿ ತಗದಿಲ್ರಿ, ಕೈ ಸುದ್ಧಾ ಮುಗದಿಲ್ರಿ," ಅಂದ. ಸಾಹೇಬರು ಸುಣ್ಣದ ಗೆರೆಯ ಹತ್ತಿರ ಹೋಗಿ ನಿಂತು, ಅಲ್ಲಿಂದ ಅವಳ ತನಕ ನೋಡಿದರು. ಅಳೆಯುವ ಅಗತ್ಯವೇ ಇರಲಿಲ್ಲ. ನೆರಳು ಅತ್ತ, ಅವಳು ಇತ್ತ. ನಡುವೆ ಒಂದು ಚಕ್ಕಡಿ ಆರಾಮಾಗಿ ಹೋಗುವಷ್ಟು ಜಾಗ. ದೂರು ಕೊಟ್ಟವರ ಕಡೆ ತಿರುಗಿ, "ದಾರ್ಯಾಗ ನಿಂದ್ರಬ್ಯಾಡ ಅಂತ ನಾ ಹೆಂಗ ಹೇಳಲಿ?" ಅಂದರು.

ಹೋಗಲು ತಿರುಗಿದವರು ಮತ್ತೆ ಅವಳ ಕಡೆ ನೋಡಿದರು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು. ಸಾಹೇಬರು ಡ್ರೈವರನನ್ನು ಕರೆದು ಹೇಳಿದರು, "ಜೀಪಿನ್ಯಾಗ ನನ್ನ ಛತ್ರಿ ಐತಿ, ಈ ತಾಯಿಗೆ ಕೊಡು."

"ಬ್ಯಾಡ್ರಿ ಸಾಹೇಬ್ರ," ಅಂದಳು ಚಿಗವ್ವ. "ಅದು ನನ್ನ ಗುರ್ತ ಐತ್ರಿ."

ಸಾಹೇಬರು ಡ್ರೈವರನಿಗೆ ಬೇಡವೆಂದು ಕೈ ಮಾಡಿದರು. ಆಮೇಲೆ ನಕ್ಕರು. ಜೀಪು ಹತ್ತುವ ಮುಂಚೆ ಅವಳಿಗೆ ಕೈ ಮುಗಿದರು. ಅವರು ಮುಗಿಯಬಹುದಿತ್ತು, ಅವಳು ತಿರುಗಿ ಮುಗಿಯುವ ಹಾಗಿರಲಿಲ್ಲ. ಸೆರಗಿನೊಳಗಿನ ಕೈ ಅಲುಗಾಡಿದ್ದು ನನಗೆ ಕಂಡಿತು.

ಆ ಛತ್ರಿಯ ಮಾತು ಹೇಗೆ ಹರಡಿತೋ ನನಗೆ ಗೊತ್ತಿಲ್ಲ. ನಾವಂತೂ ಯಾರಿಗೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅದಾದ ಮೇಲೆ ಬನಹಟ್ಟಿಯ ಮಗ್ಗಗಳು ನಿಲ್ಲತೊಡಗಿದವು. ಮೊದಲು ಹತ್ತಿರದ ಕಾರಖಾನೆ, ಆಮೇಲೆ ಅದರ ಹಿಂದಿನದು, ಆಮೇಲೆ ನಮ್ಮ ಓಣಿ. ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದ ಸದ್ದು ಒಂದೊಂದೇ ಎಳೆಯಾಗಿ ಕಡಿಮೆಯಾಗುತ್ತ ಹೋಗಿ, ಒಂದು ಹೊತ್ತಿನಲ್ಲಿ ಬೇವಿನ ಮರದ ಕಾಗೆಯ ದನಿ ಕೇಳಿಸಿತು. ಗಂಡಸರು ಬನಿಯನ್ ಮೇಲೆ ಅಂಗಿ ಸಿಕ್ಕಿಸಿಕೊಳ್ಳುತ್ತ ಬಂದರು. ಹೆಂಗಸರು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಅವಳ ಮುಂದೆ ಹಾದುಹೋಗುವಾಗ ಯಾರೂ ಮಾತಾಡಲಿಲ್ಲ, ಅವಳೂ ಆಡಲಿಲ್ಲ. ಸಾಲು ಗೇಟು ದಾಟಿ, ಮರ ದಾಟಿ, ಗೆರೆ ದಾಟಿ ಹೊರಗೆ ಬಂತು. ನನ್ನ ಮೊದಲನೆಯ ಓಟನ್ನು ನಾನು ಆ ಸಾಲಿನಲ್ಲಿ ನಿಂತು ಹಾಕಿದೆ. ನನ್ನ ಮುಂದೆ ನಮ್ಮ ಅತ್ತೆ ಇದ್ದಳು.

ಸಂಜೆ ಓಟಿನ ವೇಳೆ ಮುಗಿದು ಗೇಟು ಹಾಕಿದರು. ಚಿಗವ್ವ ಅಲ್ಲೇ ಧೂಳಿನಲ್ಲಿ ದಪ್ಪನೆ ಕುಸಿದು ಕೂತಳು. ಹೆದರಿ ಅವಳ ಹತ್ತಿರ ಓಡಿದೆವು. ಅವಳು ಮುಖ ಎತ್ತಿ, "ಈಗ ಕುಂತೇನಿ ನೋಡ್ರಿ," ಅಂದಳು. ನೀರು ಕೇಳಿದಳು. ತಂಬಿಗೆ ತಂದು ಕೊಟ್ಟವಳು ನಮ್ಮ ಅತ್ತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ಬಚ್ಚಲ ನೀರಂತೂ ಅಲ್ಲಲ್ಲಬೇ ಇದು?" ಅಂದಳು ಚಿಗವ್ವ. ಅತ್ತೆ ಅವಳ ತಲೆಯ ಮೇಲೆ ಸುರಿಯುವವಳಂತೆ ತಂಬಿಗೆ ಎತ್ತಿದಳು. ಆಮೇಲೆ ಇಬ್ಬರೂ ನಗುತ್ತ ಕಣ್ಣು ಒರೆಸಿಕೊಂಡರು. ಅಲ್ಲಿಂದ ಮನೆಗೆ ಬರುವ ತನಕ, ಬಂದ ಮೇಲೂ, ಚಿಗವ್ವ ಇಡೀ ದಿನದ ಮಾತನ್ನೆಲ್ಲ ಆಡಿ ಮುಗಿಸಿದಳು.

ಜಮಖಂಡಿಯಲ್ಲಿ ಎಣಿಕೆಯಾಯಿತು. ಗೆದ್ದಳು. ದೊಡ್ಡ ಅಂತರವೇನಲ್ಲ, ಆದರೂ ಗೆದ್ದಳು. ಕಾಕಾ ಬಸ್‌ಸ್ಟ್ಯಾಂಡಿನಿಂದ ಓಣಿಯ ತನಕ ಅಳುತ್ತ ಬಂದರು. ಸಾಹುಕಾರರು ಕೆಲವು ದಿನ ನಮ್ಮ ಓಣಿಗೆ ನೂಲು ಕೊಡಲು ಸತಾಯಿಸಿದರು, ಆಮೇಲೆ ಅವರಿಗೂ ವ್ಯಾಪಾರ ಬೇಕಲ್ಲ, ಕೊಟ್ಟರು. ಮುನಸಿಪಾಲ್ಟಿಯ ಸಭೆಯಲ್ಲಿ ಗಂಡಸರ ನಡುವೆ ಕೂತು ಅವಳು ನಳದ ಮಾತನ್ನು ಎಷ್ಟು ಸಲ ಎತ್ತಿದಳೆಂದರೆ, ಅವಳ ಬಾಯಿ ಮುಚ್ಚಿಸಲಿಕ್ಕಾದರೂ ಪೈಪು ಹಾಕಿಸಿಬಿಡೋಣ ಅಂದರಂತೆ. ಪೈಪು ಗೋದಾಮು ದಾಟಿ ನಮ್ಮ ಓಣಿಗೆ ಬಂತು. ಮೊದಲ ಕೊಡ ತುಂಬಿಸಲು ಅವಳು ನಮ್ಮ ಅತ್ತೆಯನ್ನು ಮುಂದೆ ಮಾಡಿದಳು.

ಮುಂದಿನ ಇಲೆಕ್ಷನ್ನಿನಲ್ಲಿ ಅವಳು ಸೋತಳು. ಅದಕ್ಕೆ ಬಹಳ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. "ನಳ ಬಂದ ಮ್ಯಾಲ ನಾ ಯಾರಿಗೆ ಬೇಕು?" ಅಂತ ನಕ್ಕು ಮತ್ತೆ ಕಟ್ಟೆಯ ಮೇಲೆ ರಾಟಿ ಹಿಡಿದು ಕೂತಳು. ನಾವು ಕೆಲಸದ ಸಲುವಾಗಿ ಜಮಖಂಡಿಗೆ ಬಂದುಬಿಟ್ಟೆವು. ಬನಹಟ್ಟಿಗೆ ಹೋದಾಗಲೆಲ್ಲ ಅವಳ ಕಟ್ಟೆಗೆ ಹೋಗದೆ ಬರುತ್ತಿರಲಿಲ್ಲ...

ಅವಳು ತೀರಿಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಊರಲ್ಲಿ ಇನ್ನೊಂದು ಇಲೆಕ್ಷನ್ನಿನ ಪ್ರಚಾರ ಜೋರಾಗಿತ್ತು. ನಾನು ಬಸ್ಸಿಳಿದಾಗ ಜೀಪುಗಳು, ಆಟೋಗಳು ಓಣಿಓಣಿಯಲ್ಲಿ ಒಂದರ ಮೇಲೊಂದು ಕೂಗುತ್ತಿದ್ದವು. ಇಂಥ ಗದ್ದಲದಲ್ಲಿ ಅವಳನ್ನು ಹೇಗೆ ಒಯ್ಯುವುದು ಅಂತ ನನಗೆ ಸಂಕಟವಾಯಿತು. ಹೆಣ ಎತ್ತಿದರು. ಕಾಕಾ ಮುಂದೆ ಬೆಂಕಿ ಹಿಡಿದು ನಡೆದರು. ಮೂರು ಓಣಿ ಕೂಡುವ ಜಾಗಕ್ಕೆ ಬಂದಾಗ ಎದುರಿಗೆ ಒಂದು ಪಕ್ಷದ ಜೀಪು ಬಂತು. ಡ್ರೈವರ್ ಯಾರನ್ನೋ ಕೇಳಿದ, ಯಾರೋ ಹೇಳಿದರು. ಜೀಪಿನ ಮೈಕು ಬಂದಾಯಿತು. ಅದರ ಹಿಂದಿದ್ದ ಆಟೋದ್ದು ಬಂದಾಯಿತು, ಅದು ಎದುರು ಪಕ್ಷದ್ದು. ಮುಂದಿನ ಓಣಿಯಲ್ಲಿ ಇನ್ನೊಂದು. ಪ್ರಚಾರಕ್ಕೆ ಅವತ್ತು ಯಾವ ನಿರ್ಬಂಧವೂ ಇರಲಿಲ್ಲ. ಯಾರೂ ಯಾರಿಗೂ ಸುಮ್ಮನಿರಿ ಅನ್ನಲಿಲ್ಲ. ಸ್ಮಶಾನದ ದಾರಿಯುದ್ದಕ್ಕೂ ನನಗೆ ಕೇಳಿಸಿದ್ದು ನಮ್ಮ ಚಪ್ಪಲಿಯ ಸದ್ದು ಮಾತ್ರ.

ಕಾಕಾ ಮುಂದಿನ ವರ್ಷ ಹೋದರು. ನಮ್ಮ ಅತ್ತೆಯೂ ಹೋದಳು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಕಟ್ಟೆ ಒಡೆದು ಅಂಗಡಿ ಮಾಡಿಕೊಂಡಿದ್ದಾರೆ.

ಗುಜರಿಯವನು ಬಂದ ಆ ದಿನ ಉಕ್ಕಿದ ಹಾಲನ್ನು ಒರೆಸುತ್ತ ನನ್ನ ಸೊಸೆ ಕೇಳಿದಳು, "ಏನಾತ್ರಿ ಅತ್ತಿ?" ಅಂತ. ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಕೇಳಿ ಮುಗಿದ ಮೇಲೆ ಫೋಟೋ ಇದೆಯೇ ಅಂದಳು. ಇಲ್ಲ. ಆಗ ಯಾರು ತೆಗೆಯುತ್ತಿದ್ದರು... ಚಿಗವ್ವನ ಮುಖ ಹೇಗಿತ್ತೆಂದು ನನ್ನ ಜೊತೆ ಕೂತು ನೆನೆಯುವವರು ಕೂಡ ಈಗ ಯಾರೂ ಉಳಿದಿಲ್ಲ.

"ಭಾಳ ಎತ್ತರ ಇದ್ದರೇನ್ರಿ?" ಅಂತ ಕೇಳಿದಳು ಸೊಸೆ.

"ಇಲ್ಲವ್ವಾ," ಅಂದೆ. "ಗಿಡ್ಡಿದ್ದಳು. ನನ್ನ ಹೆಗಲಿಗೆ ಬರತಿದ್ದಳು."

ಸೊಸೆ ನಂಬಲಿಲ್ಲ.